ಸ್ಟೋನಿತ್ ಆಫ್ ಮಾಡಿ ಅಂದವರು ಯಾರು?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮ ಫ್ಯಾಕ್ಟರಿ ಇದೆ. ಎರಡು ರಾಕಿ ಲಿನಕ್ಸ್ ಸರ್ವರ್‌ಗೆ ಪೇಸ್‌ಮೇಕರ್, ಕೊರೊಸಿಂಕ್ ಹಾಕಿ ಕ್ಲಸ್ಟರ್ ಮಾಡಿದ್ದೇವೆ, ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳಲಿ ಅಂತ. ಬಿಲ್‌ಗಳ ಡೇಟಾಬೇಸ್ ಡಿಆರ್‌ಬಿಡಿ (ಒಂದರ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಇನ್ನೊಂದಕ್ಕೆ ನಕಲು ಮಾಡುವ ಸಾಫ್ಟ್‌ವೇರ್) ಮೇಲಿದೆ. ಮೊನ್ನೆ ಕರೆಂಟ್ ಹೋದಾಗ ಎರಡೂ ಸರ್ವರ್ ಪ್ರೈಮರಿ ಆಗಿ, ಬೇರೆ ಬೇರೆಯಾಗಿ ಡೇಟಾ ಬರೆದುಬಿಟ್ಟವು. ಸ್ಟೋನಿತ್ (ಕೈಕೊಟ್ಟ ಸರ್ವರನ್ನು ಆಫ್ ಮಾಡುವ ವ್ಯವಸ್ಥೆ) ಎರರ್ ಬರುತ್ತಿತ್ತು ಅಂತ ವೀಡಿಯೊ ನೋಡಿ ಅದನ್ನು ಮೊದಲೇ ಆಫ್ ಮಾಡಿದ್ದೆವು. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಅದೇ ಕಾರಣ ಸ್ವಾಮಿ. ಈ ಪ್ರಶ್ನೆ ತಿಂಗಳು ತಿಂಗಳು ಬರುತ್ತಿದೆ, ಬರೆದು ಬರೆದು ಸಾಕಾಗಿದೆ.

ಮೊದಲು ಎರಡೂ ಕಡೆಯ ಡೇಟಾ ಬ್ಯಾಕಪ್ ತೆಗೆಯಿರಿ. ಡಿಆರ್‌ಬಿಡಿ ಮತ್ತೆ ಕೂಡಬೇಕಾದರೆ ಒಂದು ಕಡೆಯ ಬದಲಾವಣೆ ಕೈಬಿಡಲೇಬೇಕು. ಯಾವ ಕಡೆ ಅಂತ ಅಕೌಂಟ್ಸ್‌ನವರನ್ನು ಕೂರಿಸಿಕೊಂಡು ತೀರ್ಮಾನಿಸಿ.

ನಿಮ್ಮ ಸರ್ವರ್ ಯುಪಿಎಸ್ ಮೇಲಿದ್ದವು, ನೆಟ್‌ವರ್ಕ್ ಸ್ವಿಚ್ ಇರಲಿಲ್ಲ, ಅಲ್ವಾ? ಸ್ವಿಚ್ ಆಫ್ ಆಯಿತು, ಎರಡರ ನಡುವೆ ಮಾತು ನಿಂತಿತು. ಕೊರೊಸಿಂಕ್‌ನ ಟೂ ನೋಡ್ ಸೆಟ್ಟಿಂಗ್‌ನಲ್ಲಿ ಒಂದೇ ಓಟಿದ್ದರೂ ಕೋರಂ (ಕೆಲಸ ನಡೆಸಲು ಬೇಕಾದಷ್ಟು ಓಟು) ಸಿಗುತ್ತೆ. ಆಚೆಯದು ಸತ್ತಿದೆಯೋ, ಸುಮ್ನೆ ಮಾತಾಡುತ್ತಿಲ್ಲವೋ ಅಂತ ಈಚೆಯದಕ್ಕೆ ಗೊತ್ತಾಗಲ್ಲ. ಅದಕ್ಕೇ ಮೊದಲು ಆಚೆಯದರ ಪವರ್ ಕಡಿದು, ಆಮೇಲೆ ಡಿಸ್ಕ್ ಮುಟ್ಟಬೇಕು. ಸ್ಟೋನಿತ್ ಮಾಡೋದು ಇದನ್ನೇ. ಅದಕ್ಕೆ ಡಿವೈಸ್ ಕೊಡದಿದ್ದರೆ ಪೇಸ್‌ಮೇಕರ್ ಯಾವ ಸರ್ವೀಸನ್ನೂ ಶುರು ಮಾಡಲ್ಲ, ಎರರ್ ತೋರಿಸುತ್ತೆ. ವೀಡಿಯೊದವನು ತನ್ನ ಲ್ಯಾಪ್‌ಟಾಪಿನಲ್ಲಿ ಆಟ ತೋರಿಸಿ ಎದ್ದುಹೋದ. ಬಿಲ್ ಕಳೆದುಕೊಂಡಿದ್ದು ನೀವು.

ಸರ್ವರ್‌ನಲ್ಲಿ ಐಪಿಎಂಐ (ದೂರದಿಂದಲೇ ಸರ್ವರನ್ನು ಆನ್ ಆಫ್ ಮಾಡುವ ಸೌಲಭ್ಯ) ಇದ್ದರೆ ಅದನ್ನೇ ಫೆನ್ಸ್ ಡಿವೈಸ್, ಅಂದರೆ ಸ್ಟೋನಿತ್‌ಗೆ ಪವರ್ ಕಡಿಯುವ ಸಾಧನ, ಮಾಡಿ. ಎರಡೂ ಒಟ್ಟಿಗೆ ಒಂದನ್ನೊಂದು ಆಫ್ ಮಾಡದಂತೆ ಒಂದರ ಡಿವೈಸ್‌ಗೆ ಕೆಲವು ಸೆಕೆಂಡ್ ಡಿಲೇ ಕೊಡಿ. ನಮ್ಮ ಕಡೆ ಇನ್ನೊಂದು ತಾಪತ್ರಯವಿದೆ. ಐಪಿಎಂಐಗೂ ಅದೇ ಸರ್ವರ್‌ನಿಂದಲೇ ಕರೆಂಟ್. ಆ ಸರ್ವರ್‌ನ ಕರೆಂಟೇ ಪೂರ್ತಿ ಹೋದರೆ ಐಪಿಎಂಐ ಉತ್ತರ ಕೊಡಲ್ಲ, ಫೆನ್ಸಿಂಗ್ ಫೇಲ್ ಆಗುತ್ತೆ, ಉಳಿದ ಸರ್ವರ್ ಕಾಯುತ್ತಾ ಕೂರುತ್ತೆ. ಆದ್ದರಿಂದ ನೆಟ್‌ವರ್ಕ್‌ನಿಂದ ಆನ್ ಆಫ್ ಮಾಡಬಹುದಾದ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪ್ಲಗ್ ಪಟ್ಟಿ) ತಂದು ಎರಡನೇ ಲೆವೆಲ್ ಆಗಿ ಸೇರಿಸಿ. ಸ್ವಿಚ್ಚನ್ನು ಯುಪಿಎಸ್‌ಗೆ ಹಾಕಿ. ಸರ್ವರ್‌ನಿಂದ ಸರ್ವರ್‌ಗೆ ನೇರ ಕೇಬಲ್ ಎಳೆದು ಕೊರೊಸಿಂಕ್‌ಗೆ ಎರಡನೇ ಲಿಂಕ್ ಕೊಡಿ. ಮೂರನೇ ಓಟಿಗೆ ಒಂದು ಚಿಕ್ಕ ಮೆಷಿನ್ ಇಟ್ಟರೆ ಇನ್ನೂ ಒಳ್ಳೆಯದು. ಹಾಗಂತ ಸ್ಟೋನಿತ್ ಬೇಡ ಅನ್ನಬೇಡಿ.

ಎಲ್ಲ ಮುಗಿದ ಮೇಲೆ, ಭಾನುವಾರ ಫ್ಯಾಕ್ಟರಿ ರಜೆ ಇದ್ದಾಗ ಕೇಬಲ್ ಕಿತ್ತು ನೋಡಿ. ಕೆಲಸದ ದಿನ ಸಂಜೆ ಹೊತ್ತು ನಾನಂತೂ ಕ್ಲಸ್ಟರ್ ಮುಟ್ಟಲ್ಲ.

ಪ್ರಶ್ನೆ (ಕೋಲಾರ): ಪಿಸಿಎಸ್ ಹೋಸ್ಟ್ ಆಥ್ (ಕ್ಲಸ್ಟರ್‌ಗೆ ಸರ್ವರ್‌ಗಳ ಗುರುತು ದೃಢಪಡಿಸುವ ಕಮಾಂಡ್) ಫೇಲ್ ಆಗುತ್ತಿದೆ. ಫೈರ್‌ವಾಲ್ ಆಫ್ ಮಾಡಲೇ?

ಬೇಡ. ಎರಡೂ ಕಡೆ ಎಚ್‌ಎ‌ಕ್ಲಸ್ಟರ್ ಯೂಸರ್‌ಗೆ ಪಾಸ್‌ವರ್ಡ್ ಇಡಿ, 2224 ಪೋರ್ಟ್ ತೆರೆಯಿರಿ.

ಪ್ರಶ್ನೆ (ಗೌರಿಬಿದನೂರು): ಕ್ಲಸ್ಟರ್ ಇದ್ದಮೇಲೆ ಬ್ಯಾಕಪ್ ಯಾಕೆ?

ನೀವು ತಪ್ಪಿ ಅಳಿಸಿದ ಟೇಬಲ್ ಆ ಕ್ಷಣವೇ ಎರಡನೇ ಸರ್ವರ್‌ನಲ್ಲೂ ಅಳಿಸಿಹೋಗುತ್ತೆ.

ಪ್ರಶ್ನೆ (ಚಿಂತಾಮಣಿ): ಒಂದೇ ಗಂಟೆಯಲ್ಲಿ ಕ್ಲಸ್ಟರ್ ಹಾಕಿಕೊಡ್ತೀವಿ ಅಂತ ಒಬ್ಬರು ಬಂದಿದ್ದಾರೆ. ನಂಬಬಹುದೇ?

ಹಾಕೋಕೆ ಒಂದು ಗಂಟೆ ಜಾಸ್ತಿಯೇ. ಒಂದು ಸರ್ವರ್‌ನ ಪವರ್ ಕೇಬಲ್ ನಿಮ್ಮೆದುರೇ ಕೀಳಲಿ. ಹಿಂದೆಮುಂದೆ ನೋಡಿದರೆ ದುಡ್ಡು ಕೊಡಬೇಡಿ.