ಹಾಳೆ ಭರ್ತಿಯಾಗಿದೆ, ಕೆಲಸ ಬದಲಾಗಿಲ್ಲ

ಪ್ರಶ್ನೆ: ದಾವಣಗೆರೆ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹೆರಿಗೆ ವಿಭಾಗದ ಉಸ್ತುವಾರಿ ಶುಶ್ರೂಷಾಧಿಕಾರಿ ನಾನು. ಸುರಕ್ಷಿತ ಹೆರಿಗೆಯ ತಪಾಸಣಾ ಪಟ್ಟಿಯನ್ನು ಪ್ರತಿ ಕೇಸ್ ಶೀಟಿಗೂ ಲಗತ್ತಿಸಬೇಕೆಂದು ಕಳೆದ ವರ್ಷ ಆದೇಶವಾಯಿತು. ಪಾಳಿ ಮುಗಿಯುವ ಹೊತ್ತಿಗೆ ಒಂದೇ ಪೆನ್ನಿನಲ್ಲಿ ಐದಾರು ಹಾಳೆಗಳಿಗೆ ಸಾಲಾಗಿ ಟಿಕ್ ಹಾಕಿಬಿಡುತ್ತಾರೆ. ಕೇಳಿದರೆ ಹಿರಿಯ ಸಿಸ್ಟರ್‌ಗಳು, ‘ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸ್ತಿದ್ದೀವಿ, ಈ ಕಾಗದ ನಮಗೆ ಕಲಿಸಬೇಕಾ?’ ಎನ್ನುತ್ತಾರೆ. ವೈದ್ಯರಿಗೆ ನೆನಪಿಸುವ ಧೈರ್ಯವಂತೂ ನನಗಿಲ್ಲ. ಏನು ಮಾಡಲಿ?

ಉತ್ತರ: ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಹೆರಿಗೆ ಮಾಡಿಸುವುದನ್ನು ಆ ಪಟ್ಟಿ ಯಾರಿಗೂ ಕಲಿಸುವುದಿಲ್ಲ. ರಾತ್ರಿ ಮೂರು ಗಂಟೆಗೆ ಇಬ್ಬರು ಗರ್ಭಿಣಿಯರಿಗೆ ಒಟ್ಟಿಗೇ ನೋವು ಏರಿದಾಗ, ಗೊತ್ತಿದ್ದದ್ದೇ ಮರೆತುಹೋಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಇದನ್ನು ಆದೇಶ ಬಂದ ದಿನವೇ ಯಾರಾದರೂ ಅವರಿಗೆ ಹೇಳಬೇಕಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಈ ಪಟ್ಟಿಯನ್ನು ಆರಂಭದಲ್ಲಿ ಪ್ರಯೋಗಿಸಿ ನೋಡಿದ್ದು ನಮ್ಮ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ. ಅಲ್ಲಿ 29 ಅಗತ್ಯ ಕ್ರಮಗಳ ಪೈಕಿ ಪ್ರತಿ ಹೆರಿಗೆಗೆ ಸರಾಸರಿ 10 ಮಾತ್ರ ನಡೆಯುತ್ತಿದ್ದವು, ಆಮೇಲೆ 25ಕ್ಕೆ ಏರಿದವು. ಮುಂದೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಕೇಂದ್ರಗಳಿಗೆ ಮಾರ್ಗದರ್ಶಕರು ಎಂಟು ತಿಂಗಳು ಬಂದುಹೋಗಿ ಸಿಬ್ಬಂದಿಯ ಪಕ್ಕದಲ್ಲಿ ನಿಂತು ತಿದ್ದಿದರು. ಆ ಕೇಂದ್ರಗಳಲ್ಲಿ ಎರಡು ತಿಂಗಳಾದಾಗ ಸುಮಾರು ಶೇ 73ರಷ್ಟಿದ್ದ ಅಗತ್ಯ ಕ್ರಮಗಳ ಪಾಲನೆ, ಅವರ ಭೇಟಿ ನಿಂತ ಮೇಲೆ, ಹನ್ನೆರಡನೆಯ ತಿಂಗಳಿಗೆ ಶೇ 62ಕ್ಕೆ ಇಳಿದಿತ್ತು. ತಾಯಿ-ಶಿಶು ಮರಣದಲ್ಲಿ ಗಮನಾರ್ಹ ಇಳಿಕೆಯೂ ಕಾಣಲಿಲ್ಲ. ಹೊರಗಿನವರು ತಂದ ಶಿಸ್ತು ಅವರೊಂದಿಗೇ ಸಡಿಲವಾಗುತ್ತದೆ. ಆದ್ದರಿಂದ ಪಟ್ಟಿ ನಿಮ್ಮ ವಾರ್ಡಿನವರದೇ ಆಗಬೇಕು.

ದಾಖಲಾತಿಯಿಂದ ಬಿಡುಗಡೆಯವರೆಗೆ ಪಟ್ಟಿಯಲ್ಲಿರುವ ನಾಲ್ಕೂ ಹಂತಗಳನ್ನು ಒಮ್ಮೆಗೇ ಹಿಡಿಯಬೇಡಿ. ಎರಡನೆಯದನ್ನು, ಅಂದರೆ ತಾಯಿ ಮಗುವನ್ನು ಹೊರದೂಡಲು ಮುಕ್ಕುವುದಕ್ಕೆ ಮುಂಚಿನದನ್ನು, ಮಾತ್ರ ತೆಗೆದುಕೊಳ್ಳಿ: ಕೈಗವಸು, ಸೋಪು-ನೀರು, ಸಿರಿಂಜಿನಲ್ಲಿ 10 ಯೂನಿಟ್ ಆಕ್ಸಿಟೋಸಿನ್ (ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಔಷಧ), ಶುಭ್ರ ಬಟ್ಟೆ, ಹೊಕ್ಕುಳ ಬಳ್ಳಿ ಕತ್ತರಿಸಲು ಕ್ರಿಮಿಶುದ್ಧ ಬ್ಲೇಡು, ಮಗುವಿನ ಬಾಯಿ-ಮೂಗಿನ ದ್ರವ ಹೀರುವ ಸಾಧನ, ಉಸಿರಾಡದ ಮಗುವಿಗೆ ಗಾಳಿ ಕೊಡುವ ಬ್ಯಾಗ್-ಮಾಸ್ಕ್. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ವಸ್ತುವನ್ನು ಮುಟ್ಟಿ ‘ಇದೆ’ ಎನ್ನಲಿ. ಬ್ಯಾಗ್-ಮಾಸ್ಕ್ ಬೀರುವಿನಲ್ಲಿದೆ, ಬೀಗದ ಕೈ ಮಾತ್ರ ಹಗಲು ಪಾಳಿಯವರ ಬ್ಯಾಗಿನಲ್ಲಿ ಮನೆಗೆ ಹೋಗಿದೆ ಎಂಬುದು ಬೆಳಕಿಗೆ ಬರುವುದು ಆಗಲೇ. ಹುಟ್ಟಿದ ಮಗು ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಉಸಿರು ಕೊಡಬೇಕು. 108 ಕರೆಸಿ ದಾವಣಗೆರೆಗೆ ಕಳಿಸುವ ಮಾತು ಆಮೇಲಿನದು. ಈ ವಸ್ತುಗಳನ್ನಿಡುವ ಟ್ರೇ ಹೇಗಿರಬೇಕೆಂದು ತೀರ್ಮಾನಿಸುವ ಹೊಣೆಯನ್ನು, ನಿಮಗೆ ಎದುರಾಡಿದ ಹಿರಿಯ ಸಿಸ್ಟರ್‌ಗೇ ಒಪ್ಪಿಸಿ.

ಟಿಕ್ ಇಲ್ಲದ ಹಾಳೆಗೆ ಮೆಮೊ ಬರುವಲ್ಲಿ ಎಲ್ಲ ಹಾಳೆಗಳೂ ತುಂಬಿಯೇ ಬರುತ್ತವೆ. ‘ಇಲ್ಲ’ ಎಂದು ಬರೆದವರನ್ನು ಗದರಿಸದೆ, ಇಲ್ಲದ್ದನ್ನು ಅದೇ ವಾರ ತರಿಸಿಕೊಡಿ.

ವೈದ್ಯರ ವಿಷಯದಲ್ಲಿ ಧೈರ್ಯಕ್ಕಿಂತ ಅಧಿಕಾರ ಮುಖ್ಯ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವೈದ್ಯ ಪೀಟರ್ ಪ್ರೊನೊವೊಸ್ಟ್, ರಕ್ತನಾಳಕ್ಕೆ ಹಾಕುವ ಕೊಳವೆಯಿಂದಾಗುವ ಸೋಂಕು ತಡೆಯಲು ಐದು ಅಂಶಗಳ ಪಟ್ಟಿ ತಂದಾಗ, ಹೆಜ್ಜೆ ತಪ್ಪಿಸುವ ವೈದ್ಯರನ್ನು ತಡೆಯುವ ಅಧಿಕಾರವನ್ನು ಆಡಳಿತದಿಂದಲೇ ನರ್ಸ್‌ಗಳಿಗೆ ಕೊಡಿಸಿದರು. ‘ನಾನು ಮರೆತರೆ ಸಿಸ್ಟರ್ ನೆನಪಿಸಲಿ’ ಎಂಬ ಮಾತನ್ನು ನಿಮ್ಮ ಆಡಳಿತ ವೈದ್ಯಾಧಿಕಾರಿಯವರ ಬಾಯಿಂದಲೇ, ಎರಡೂ ಪಾಳಿಯವರು ಸೇರಿರುವ ಬೆಳಗಿನ ಡ್ಯೂಟಿ ಬದಲಾವಣೆಯ ಹೊತ್ತಿನಲ್ಲಿ ಹೇಳಿಸಿ.