ಖಾಲಿ ಟ್ಯಾಂಕ್ ಅಂತ ಧೈರ್ಯ ಮಾಡಬೇಡಿ

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನ ಫ್ಯೂಯಲ್ ಪಂಪ್ ಟ್ಯಾಂಕಿನ ಒಳಗಿದೆ. ಹಿಂದಿನ ಸೀಟ್ ಎತ್ತಿದರೆ ಮುಚ್ಚಳ ಕಾಣುತ್ತದೆ. ಟ್ಯಾಂಕ್ ಹೇಗೂ ಖಾಲಿ ಆಗಿದೆ, ಬೆಂಕಿಯ ಭಯ ಇಲ್ಲ ಅಲ್ವಾ? ನಾನೇ ಬಿಚ್ಚಬಹುದಾ?

ಉತ್ತರ: ಈ "ಹೇಗೂ ಖಾಲಿ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಇದೇ ಪ್ರಶ್ನೆ.

ಹೊತ್ತಿಕೊಳ್ಳುವುದು ದ್ರವ ಅಲ್ಲ, ಅದರಿಂದ ಏಳುವ ಆವಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಬೇಕಾದಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಆವಿ ಬೆರೆತಿದ್ದರೆ ಒಂದು ಕಿಡಿ ಸಾಕು. ಅದಕ್ಕಿಂತ ಜಾಸ್ತಿ ಆದರೆ ಉರಿಯಲು ಆಮ್ಲಜನಕ ಸಾಲುವುದಿಲ್ಲ. ಪಂಪಿನ ಮೋಟಾರು ವರ್ಷಗಟ್ಟಲೆ ಪೆಟ್ರೋಲಿನಲ್ಲೇ ಮುಳುಗಿ ತಿರುಗಿದರೂ ಏನೂ ಆಗದಿರುವುದು ಇದೇ ಕಾರಣಕ್ಕೆ. ನೀವು ಟ್ಯಾಂಕ್ ಬರಿದು ಮಾಡಿ ಮುಚ್ಚಳ ತೆಗೆದಿರಿ ಅನ್ನಿ. ಗಾಳಿ ಒಳಗೆ ನುಗ್ಗುತ್ತದೆ, ಬೆರಕೆ ಸರಿಯಾಗಿ ಉರಿಯುವ ಹದಕ್ಕೆ ಬರುತ್ತದೆ. ಪೆಟ್ರೋಲ್ ಕಡಿಮೆ ಇರಬೇಕು ಅನ್ನುವುದು ನಿಜ, ಕಾಲು ಟ್ಯಾಂಕಿಗಿಂತ ಕೆಳಗಿದ್ದರೆ ಒಳ್ಳೆಯದು. ಆದರೆ ಅದು ಚೆಲ್ಲದಿರಲಿ ಅಂತ. ಅದರಿಂದ ಆವಿಯ ಅಪಾಯ ಹೋಗುವುದಿಲ್ಲ.

ಇನ್ನೊಂದು ವಿಷಯ. ಈ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನು ಕಾರಿನ ಅಡಿ ಕೆಲಸ ಮಾಡುವ ಗ್ಯಾರೇಜಿನ ಗುಂಡಿಗೆ ಇಳಿದು ಒಂದು "ಖಾಲಿ" ಟ್ಯಾಂಕ್ ಇಳಿಸುತ್ತಿದ್ದೆ. ಕೈದೀಪ ಜಾರಿ ಬಿದ್ದು ಬಲ್ಬ್ ಒಡೆಯಿತು. ಭಗ್ ಅಂದಿದ್ದಷ್ಟೇ ನೆನಪು. ನನ್ನ ಬಲಗೈಯ ಮೇಲೆ ಇವತ್ತಿಗೂ ಸರಿಯಾಗಿ ಕೂದಲು ಬೆಳೆಯುವುದಿಲ್ಲ. ಹಾಗಾಗಿ ಗುಂಡಿ ಬೇಡ, ಮುಚ್ಚಿದ ಗ್ಯಾರೇಜೂ ಬೇಡ. ಬಯಲಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಹಿಡಿಯಿರಿ. ಬಲ್ಬಿನ ಕೈದೀಪದ ಹತ್ತಿರವೂ ಸುಳಿಯಬೇಡಿ. ಪೌಡರ್ ಮಾದರಿಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ. ನೀರಿನ ಬಕೆಟ್ ಇಟ್ಟುಕೊಂಡು ಕೂರುವವರೂ ಇದ್ದಾರೆ! ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ.

ಮೊದಲು ಪೆಟ್ರೋಲ್ ಪೈಪಿನ ಒತ್ತಡ ಇಳಿಸಿ. ಪಂಪಿನ ಫ್ಯೂಸ್ ಅಥವಾ ರಿಲೇ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್) ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ, ಅದಾಗಿಯೇ ನಿಲ್ಲಲಿ. ಮತ್ತೆ ಒಂದೆರಡು ಸಲ ಸೆಲ್ಫ್ ಹೊಡೆಯಿರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮುಚ್ಚಳ ತೆಗೆದ ಮೇಲೆ ಬ್ಯಾಟರಿ ನೆನಪಾಗುವವರಿದ್ದಾರಲ್ಲ, ಅವರಿಗೆ ಏನು ಹೇಳುವುದು? ಆ ಟರ್ಮಿನಲ್ಲಿನ ಕಿಡಿಯೇ ಸಾಕು. ಒತ್ತಡ ಇಳಿಸಿದರೂ ಪೈಪಿನಲ್ಲಿ ಸ್ವಲ್ಪ ಉಳಿದಿರುತ್ತದೆ, ಬಟ್ಟೆ ಸುತ್ತಿ ಬಿಚ್ಚಿ. ಕಣ್ಣಿಗೆ ಕನ್ನಡಕ ಇರಲಿ.

ಪಂಪನ್ನು ಟ್ಯಾಂಕಿಗೆ ಬಿಗಿದಿಡುವ ಲಾಕ್ ರಿಂಗ್ ಸುತ್ತಲಿನ ಮಣ್ಣನ್ನು ತೆರೆಯುವ ಮುಂಚೆಯೇ ಒರೆಸಿ. ರಿಂಗ್ ಬಿಗಿಯಾಗಿದ್ದರೆ ಅದಕ್ಕೆಂದೇ ಇರುವ ಟೂಲ್ ತನ್ನಿ. ಇಲ್ಲದಿದ್ದರೆ ಹಿತ್ತಾಳೆ ಅಥವಾ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ ಅಂತ ವಿಡಿಯೋ ಮಾಡುವ ಪಂಡಿತರಿದ್ದಾರೆ. ಉಕ್ಕಿಗೆ ಉಕ್ಕು ತಾಗಿದರೆ ಕಿಡಿ ಬರುತ್ತದೆ ಅನ್ನುವಷ್ಟೂ ಅವರಿಗೆ ಗೊತ್ತಿಲ್ಲ. ಪಂಪ್ ಎತ್ತುವಾಗ ಓರೆ ಮಾಡಿ. ಪೆಟ್ರೋಲ್ ಮಟ್ಟ ತೋರಿಸಲು ತೇಲುವ ಫ್ಲೋಟಿನ ಕಡ್ಡಿ ಬಗ್ಗಿತೋ, ಪೆಟ್ರೋಲ್ ಗೇಜ್ ಸುಳ್ಳು ಹೇಳಲು ಶುರು ಮಾಡುತ್ತದೆ. ಸೋರದಂತೆ ತಡೆಯುವ ರಬ್ಬರ್ ಓ-ರಿಂಗ್ ಹೊಸದೇ ಹಾಕಿ. ಹಳೆಯದು ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಎಷ್ಟು ಒತ್ತಿದರೂ ಕೂರುವುದಿಲ್ಲ.

ಮುಚ್ಚಳವೇ ಇಲ್ಲದ, ಟ್ಯಾಂಕ್ ಇಳಿಸಬೇಕಾದ ಕಾರಾದರೆ ಸುಮ್ನೆ ಕೈ ಹಾಕಬೇಡಿ. ಇದು ನನ್ನ ಹೆದರಿಕೆ ಅಂದುಕೊಂಡರೂ ಸರಿ.

ಪ್ರಶ್ನೆ: ಪೈಪ್ ಹಾಕಿ ಬಾಯಲ್ಲಿ ಎಳೆದು ಪೆಟ್ರೋಲ್ ತೆಗೆಯಬಹುದಾ?

ಉತ್ತರ: ಬೇಡ. ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆ. ನುಂಗಿದವರಿಗೆ ವಾಂತಿ ಮಾಡಿಸುವುದಂತೂ ಇನ್ನೂ ಕೆಟ್ಟದ್ದು.

ಪ್ರಶ್ನೆ: ಹೊರಗೆ ತೆಗೆದ ಪಂಪನ್ನು ಟ್ಯಾಂಕಿನ ಪಕ್ಕದಲ್ಲೇ ಬ್ಯಾಟರಿಗೆ ಕೊಟ್ಟು ಪರೀಕ್ಷಿಸಬಹುದಾ?

ಉತ್ತರ: ಮೇಲಿನದನ್ನು ಓದದೆ ಬರೆದಿದ್ದೀರಿ.

ಪ್ರಶ್ನೆ: ಪಂಪೇ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಇದನ್ನು ಮೊದಲು ಕೇಳಬೇಕಿತ್ತು. ಹೆಚ್ಚಿನ ಕಾರುಗಳಲ್ಲಿ ಕೀ ಆನ್ ಮಾಡಿದಾಗ ಹಿಂದಿನಿಂದ ಎರಡು ಸೆಕೆಂಡ್ ಗುಂಯ್ ಅನ್ನುತ್ತದೆ. ಕೇಳಿಸದಿದ್ದರೆ ಫ್ಯೂಸ್, ರಿಲೇ ನೋಡಿ. ಆಮೇಲೆ ಪಂಪಿನ ಕನೆಕ್ಟರಿಗೆ ಕರೆಂಟ್ ಬರುತ್ತಿದೆಯಾ, ಅರ್ಥ್ ಸರಿ ಇದೆಯಾ ನೋಡಿ. ಎಲ್ಲ ಸರಿ ಇದ್ದೂ ಪಂಪ್ ತಿರುಗದಿದ್ದರೆ ಮಾತ್ರ ಟ್ಯಾಂಕ್ ತೆರೆಯುವ ಮಾತು. ಹೊಸ ಪಂಪ್ ಹಾಕಿಸಿಕೊಂಡೂ ಸ್ಟಾರ್ಟ್ ಆಗದೆ ನನ್ನ ಹತ್ತಿರ ಎಳೆದು ತಂದ ಕಾರುಗಳಲ್ಲಿ ಎಷ್ಟೋ ಸಲ ಕೆಟ್ಟಿದ್ದು ಒಂದು ಪುಟ್ಟ ರಿಲೇ.