ಚಿನ್ನಕ್ಕೂ ಬೀಚಿಗೂ ಒಂದೇ ಮೆಟಲ್ ಡಿಟೆಕ್ಟರ್ ಸಾಕಾ?

ಮೆಲ್ಬರ್ನ್‌ಗೆ ಹೊಸದಾಗಿ ಬಂದಿದ್ದೀರಿ, ಬೆಂಡಿಗೋ ಕಡೆ ಚಿನ್ನ ಹುಡುಕಬೇಕು, ಬೇಸಿಗೆಯಲ್ಲಿ ಬೀಚಿನಲ್ಲೂ ಓಡಾಡಬೇಕು, ಎರಡಕ್ಕೂ ಒಂದೇ ಡಿಟೆಕ್ಟರ್ ಸಾಕಾ ಅಂತ ಕೇಳಿದ್ದೀರಿ. ಸಾಕು. ಆದರೆ ಆಳದಲ್ಲಿರುವ ಚಿನ್ನದ ಆಸೆ ಬಿಡಬೇಕಾಗುತ್ತೆ. ಆರು ವರ್ಷದಿಂದ ಆ ಕಡೆಯ ಹಳೆಯ ಚಿನ್ನದ ಊರುಗಳಾದ ಡನಾಲಿ, ಮೇರಿಬರೋ ಸುತ್ತ ಅಲೆಯುತ್ತಿರುವವನಾಗಿ ಹೇಳುತ್ತಿದ್ದೇನೆ.

ಮಷಿನ್ ನೋಡುವ ಮೊದಲು ಅಲ್ಲಿನ ಮಣ್ಣು ನೋಡಿ. ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಕೆಂಪು, ಕಬ್ಬಿಣದ ಅಂಶ ಜಾಸ್ತಿ. ಹೊಸಬರು ಕೊಳ್ಳುವ ವಿಎಲ್ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಮಷಿನ್ ಬಿಡುವಿಲ್ಲದೆ ಸಿಗ್ನಲ್ ಕಳಿಸುತ್ತಲೇ ವಾಪಸು ಬರುವುದನ್ನೂ ಕೇಳುತ್ತಿರುತ್ತೆ. ಅಲ್ಲಿ ಮಣ್ಣೇ ಜೋರಾಗಿ ಉತ್ತರ ಕೊಡುವುದರಿಂದ ಚಿನ್ನದ ಚೂರಿನ ಸದ್ದು ಮುಳುಗಿಹೋಗುತ್ತೆ. ಪಲ್ಸ್ ಇಂಡಕ್ಷನ್ ಮಷಿನ್ ಹಾಗಲ್ಲ. ಸಿಗ್ನಲ್ ಬಿಟ್ಟು, ನಿಲ್ಲಿಸಿ, ಆಮೇಲೆ ಕೇಳುತ್ತೆ. ಮಣ್ಣಿನ ಗದ್ದಲ ಬಹುಪಾಲು ಅಡಗುತ್ತೆ, ಆಳವೂ ಸಿಗುತ್ತೆ. ಆದರೆ ಒಳ್ಳೆಯದಕ್ಕೆ ಸಾವಿರಾರು ಡಾಲರ್ ಬೇಕು. ಜೊತೆಗೆ ಕಬ್ಬಿಣ ಯಾವುದು, ಚಿನ್ನ ಯಾವುದು ಅಂತ ಸರಿಯಾಗಿ ಹೇಳುವುದಿಲ್ಲ. 1851ರಿಂದ ಅಲ್ಲಿ ಅಗೆದವರು ಬಿಟ್ಟುಹೋದ ಮೊಳೆ, ಸೀಸದ ಗುಂಡು ಎಲ್ಲದಕ್ಕೂ ಕೂಗುತ್ತೆ, ಎಲ್ಲವನ್ನೂ ಅಗೆಯಬೇಕು. 1980ರಲ್ಲಿ ಕಿಂಗೋವರ್ ಹತ್ತಿರ 27 ಕೆಜಿಯ 'ಹ್ಯಾಂಡ್ ಆಫ್ ಫೇತ್' ಎಂಬ ಚಿನ್ನದ ಗಟ್ಟಿ ಸಿಕ್ಕಿದ್ದೂ ಡಿಟೆಕ್ಟರಿನಿಂದಲೇ. ಆ ಕಥೆ ಕೇಳಿ ಮೊದಲ ದಿನವೇ ದುಬಾರಿ ಮಷಿನ್ ಕೊಂಡು, ಆರು ತಿಂಗಳಿಗೆ ಮಾರಿದವರನ್ನು ಕಂಡಿದ್ದೇನೆ.

ನಿಮಗೆ ನಾನು ಹೇಳುವುದು ಮಿನೆಲ್ಯಾಬ್ ಇಕ್ವಿನಾಕ್ಸ್ 800 ತರಹದ ಮಲ್ಟಿ ಫ್ರೀಕ್ವೆನ್ಸಿ ಮಷಿನ್, ಅಂದರೆ ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸುವಂಥದ್ದು. ಇದೂ ವಿಎಲ್ಎಫ್ ಜಾತಿಯದೇ, ಅದಕ್ಕೇ ಆಳದ ಚಿನ್ನದ ಆಸೆ ಬಿಡಿ ಅಂದಿದ್ದು. ಬೀಚಿನ ಒದ್ದೆ ಮರಳಲ್ಲಿ ಉಪ್ಪುನೀರೇ ವಿದ್ಯುತ್ ಹರಿಸುತ್ತೆ, ಒಂದೇ ಫ್ರೀಕ್ವೆನ್ಸಿಯ ಮಷಿನ್ ಸುಮ್ಮಸುಮ್ಮನೆ ಅರಚುತ್ತೆ. ಇದು ಅದನ್ನು ತಡೆದುಕೊಳ್ಳುತ್ತೆ. 3 ಮೀಟರ್ ನೀರಲ್ಲೂ ಮುಳುಗಿಸಬಹುದು. ಸಣ್ಣ ಚಿನ್ನ ಹಿಡಿಯಲು 40 ಕಿಲೋಹರ್ಟ್ಸ್‌ನ ಹೆಚ್ಚಿನ ಫ್ರೀಕ್ವೆನ್ಸಿಯೂ ಇದೆ. ಚಿನ್ನದ ದಿನ ಚಿಕ್ಕ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆಯಂಥ ಭಾಗ) ಹಾಕಿ. ದೊಡ್ಡದು ಆಳಕ್ಕೆ ಹೋಗುತ್ತೆ ನಿಜ, ಆದರೆ ಅಕ್ಕಿಕಾಳಿನಷ್ಟು ಚಿನ್ನವನ್ನು ಬಿಟ್ಟುಬಿಡುತ್ತೆ. ಪಲ್ಸ್ ಮಷಿನ್ ಬೇಕೆನಿಸಿದರೆ ಮೊದಲು ದಿನದ ಬಾಡಿಗೆಗೆ ತಗೊಂಡು ನೋಡಿ.

ಹೊರಡುವ ಮುನ್ನ ಚಿನ್ನ ಹುಡುಕಲು ಬೇಕಾದ 'ಮೈನರ್ಸ್ ರೈಟ್' ಪರವಾನಗಿ ಮಾಡಿಸಿ. 10 ವರ್ಷ ನಡೆಯುತ್ತೆ. ನ್ಯಾಷನಲ್ ಪಾರ್ಕುಗಳಲ್ಲಿ ಬಹುತೇಕ ಕಡೆ ಅದೂ ಸಾಲದು. ತೋಡಿದ ಗುಂಡಿ ಮುಚ್ಚಿಯೇ ಬನ್ನಿ.

ಹಣ ಉಳಿದರೆ ಒಳ್ಳೆಯ ಹೆಡ್‌ಫೋನ್‌ಗೆ ಹಾಕಿ. ನನ್ನ ಮೊದಲ ಚಿನ್ನ 0.8 ಗ್ರಾಂ. ಅದರ ಸದ್ದು ಪಕ್ಕದ ಕೋಣೆಯಲ್ಲಿ ಸೊಳ್ಳೆ ಗುಂಯ್ ಅಂದಷ್ಟಿತ್ತು.